ನಾಗಸೇನನ ಸಾವಕಾಶದ ಸುತ್ತು

ಬೀದರಿನ ಸೈಕಲ್ ಗೈಡ್ ನಾಗಸೇನ ರವಿವಾರ ಪ್ರವಾಸಿಗರನ್ನು ಅಷ್ಟೂರಿನ ಗುಮ್ಮಟಗಳ ಸುತ್ತ ಕರೆದೊಯ್ಯುವ ವೇಗಕ್ಕೆ ಎಮ್ಮೆಗಳೂ ಬೇಸತ್ತು ಮುಂದೆ ಹೋಗುತ್ತವೆ. "ಸಾವಕಾಶ ಹೊಡೀರಿ, ಮಲಗಿದ ಸುಲ್ತಾನರು ಎಲ್ಲೂ ಓಡಂಗಿಲ್ರಿ," ಎನ್ನುತ್ತಾನೆ. ಸಾಲಿನ ಕೊನೆಗೆ ತಾನೇ ಇರಬೇಕು. ಸಿಡಿಲಿಗೆ ಸೀಳಿಹೋದ ಗುಮ್ಮಟದ ತಿರುವಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಖಾಲಿ ದಾರಿಯತ್ತ ಬೆಲ್ಲು ಹೊಡೆದು ಕಾಯಬೇಕು. "ಹಿಂದ ಯಾರೂ ಇಲ್ಲಲ್ರಿ ಅಣ್ಣಾ," ಎಂದು ಈ ಸಲ ಬಂದಿದ್ದ ಮೇಘಾ ನಕ್ಕಳು. "ಹೋದ ವರ್ಷ ನನ್ನ ಹೆಂಡ್ತಿ ಪ್ರಣಾಲಿ ಹಿಂದ ಬರ್ಲಿಕತ್ತಾಳ ಅಂತ ತಿಳ್ಕೊಂಡು ಹೊಳ್ಳಿ ನೋಡದೇ ಹೋದೆ, ತಂಗಿ. ಆಕಿ ಇಲ್ಲೇ ಬಿದ್ದು ಸತ್ತಿದ್ದಳು." ಆ ಖಾಲಿ ದಾರಿಯಲ್ಲಿ ಎಣ್ಣೆ ಒಣಗಿದ ಸೈಕಲ್ ಚೈನಿನ ಕಿರುಗುಟ್ಟುವ ಸದ್ದೊಂದು ಬಂದು ಅವನ ಪಕ್ಕದಲ್ಲಿ ನಿಂತಿತು. ಮೇಘಾ ಗಡಬಡಿಸಿ ಪೆಡಲಿಗೆ ಕಾಲಿಟ್ಟಳು. ನಾಗಸೇನ ಅವಳ ಹ್ಯಾಂಡಲ್ ಹಿಡಿದ. "ತುಸು ತಡಿ ತಂಗಿ, ಆಕಿಗಿ ದಮ್ ಹತ್ತ್ಯಾದ."