ಗ್ರೋಜ್ದಾನಾ ಹೇಳಿದ ಬೆಲೆ

ಉಝಿತ್ಸೆ ಊರಿನ ನಮ್ಮ ಬೀದಿಯಲ್ಲಿ ಗ್ರೋಜ್ದಾನಾಳಷ್ಟು ದುಡಿದವರೂ ಇಲ್ಲ, ಅವಳಷ್ಟು ಕಡಿಮೆ ಕೇಳಿದವರೂ ಇಲ್ಲ. ನೇಯ್ಗೆ ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡುವುದನ್ನು ಕಲಿತಳು. ಜೇನು ಮಾರುವವರಿಗೆ, ಉಣ್ಣೆಯ ಕಾಲುಚೀಲ ಹೆಣೆಯುವವರಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟಳು. ಎಷ್ಟಾಯಿತೆಂದು ಕೇಳಿದರೆ ಮುಖ ಕೆಂಪು ಮಾಡಿಕೊಂಡು, "ನಿಮಗೆ ತೋಚಿದ್ದು ಕೊಡಿ" ಅನ್ನುವಳು. ಜನಕ್ಕೆ ತೋಚುತ್ತಿದ್ದದ್ದು ಬಹಳ ಕಡಿಮೆ. ಒಬ್ಬನಂತೂ ಎರಡು ಬಾಟಲಿ ಜೇನು ಕೊಟ್ಟು ಕೈತೊಳೆದುಕೊಂಡ.

ಎದುರುಮನೆಯವಳಾದ ನಾನು ಬೈಯುತ್ತಿದ್ದೆ. "ಅಲ್ಲ ಕಣೇ, ನಲ್ಲಿ ರಿಪೇರಿಯವನು ಹೊಸಿಲು ದಾಟಿದ್ದಕ್ಕೇ ದುಡ್ಡು ಕೇಳ್ತಾನೆ. ನೀನು ತಿಂಗಳುಗಟ್ಟಲೆ ಕಣ್ಣು ಸವೆಸಿ ಜೇನು ನೆಕ್ಕೊಂಡು ಕೂತಿದೀಯಲ್ಲ!"

"ಬೆಲೆ ಹೇಳೋಕೆ ನಾಚಿಕೆಯಾಗುತ್ತೆ ಕಣೇ."

ಒಂದು ಚಳಿಗಾಲ ಅವಳಿಗೆ ವಿಪರೀತ ಹಲ್ಲುನೋವು. ವೈದ್ಯರ ಬಳಿ ಹೋಗಲು ದುಡ್ಡಿಲ್ಲದೆ ರಾಕಿಯಾ ಸಾರಾಯಿಯಲ್ಲಿ ಅದ್ದಿದ ಹತ್ತಿ ಕಚ್ಚಿಕೊಂಡು ಕೂತಿದ್ದಳು. ಇನ್ನು ಬೆಲೆ ಹೇಳಿಯೇ ಕೆಲಸ ಹಿಡಿಯುವುದೆಂದು ಆಗ ಹಟ ಹಿಡಿದಳು. ವಿನ್ಯಾಸ, ಫೋಟೊ, ಹಣ ಪಾವತಿಯ ವ್ಯವಸ್ಥೆ, ಒಂದು ವರ್ಷದ ಉಸ್ತುವಾರಿ, ಎಲ್ಲ ಸೇರಿ ಸಾವಿರದ ಇನ್ನೂರು ಯೂರೊ, ಅರ್ಧ ಮುಂಗಡ.

ಆ ಬೆಲೆಯನ್ನು ಮೊದಲು ಕೇಳಿಸಿಕೊಂಡವನು ಜ್ಲಾಕುಸಾ ಹಳ್ಳಿಯ ಮುದಿ ಕುಂಬಾರ ಮಿಲಾದಿನ್. ಮಗಳು ಸ್ಮಿಲ್ಯಾ ಅವನನ್ನು ಕರೆತಂದಿದ್ದಳು. ನಾನು ಗ್ರೋಜ್ದಾನಾಳ ಅಡುಗೆಮನೆಯಲ್ಲಿ ಕಾಫಿ ಕಾಯಿಸುತ್ತಿದ್ದೆ.

"ಅಷ್ಟಕ್ಕೆ ಎಷ್ಟು ಗಡಿಗೆ ತಟ್ಟಬೇಕು ಗೊತ್ತೇನಮ್ಮ?" ಅಂದ ಮುದುಕ.

ಇನ್ನೇನು ಇಳಿಸುತ್ತಾಳೆ ಅಂದುಕೊಂಡೆ. ಅವಳು ತಲೆ ಎತ್ತಲಿಲ್ಲ, ಆದರೆ ಇಳಿಸಲೂ ಇಲ್ಲ. "ಅದು ಗೊತ್ತಿಲ್ಲ ಮಾಮ. ನನ್ನ ಕೆಲಸಕ್ಕೆ ಎಷ್ಟು ಬೀಳುತ್ತೆ ಅಂತ ಮಾತ್ರ ಗೊತ್ತು."

ಮಿಲಾದಿನ್ ನಕ್ಕುಬಿಟ್ಟ. "ನಂಗೆ ನಂದೂ ಗೊತ್ತಿಲ್ಲ ನೋಡು. ಅಪ್ಪ ಹೇಳ್ತಿದ್ದ ಬೆಲೆ ಮೇಲೆ ಒಂಚೂರು ಸೇರಿಸ್ತೀನಿ, ಅಷ್ಟೆ."

ಮುಂಗಡದಲ್ಲಿ ಗ್ರೋಜ್ದಾನಾ ವೈದ್ಯರಿಗೆ ಹಲ್ಲು ತೋರಿಸಿದಳು. ವಸಂತವಿಡೀ ಬಸ್ಸು ಹತ್ತಿ ಹಳ್ಳಿಗೆ ಹೋದಳು. ಕಲ್ಲು ಕುಟ್ಟಿ ಮಣ್ಣಿಗೆ ಬೆರೆಸುವುದು, ಕೈಯಲ್ಲೇ ಚಕ್ರ ತಿರುಗಿಸುವುದು, ಬಯಲಲ್ಲಿ ಬೆಂಕಿಯಿಟ್ಟು ಸುಡುವುದು, ಸುಡುವಾಗ ಒಡೆಯುವುದು, ಎಲ್ಲವನ್ನೂ ನೋಡಿ ಒಂದೊಂದು ಗಡಿಗೆಗೂ ಬೆಲೆ ಕಟ್ಟಿದಳು.

"ಇಷ್ಟು ಹೇಳಿದ್ರೆ ಜನ ಕಲ್ಲು ಹೊಡೀತಾರೆ!"

"ಹೊಡೀಲಿ ಬಿಡು ಮಾಮ. ಕುಟ್ಟೋಕೆ ಕಲ್ಲು ಸಿಕ್ಕಿದ ಹಾಗಾಯ್ತು."

ಗ್ರೋಜ್ದಾನಾ ಹುಟ್ಟುವ ಮೊದಲೇ ಅವಳ ತಂದೆ ತೀರಿಕೊಂಡಿದ್ದರು. ಮಿಲಾದಿನ್ ಗಡಿಗೆಯಲ್ಲಿ ಕೋಸು, ಮಾಂಸ ಬೇಯಿಸಿ ಬಡಿಸಿ, "ಗಾಳಿ ಬಂದ್ರೆ ಹಾರಿಹೋಗ್ತೀಯ, ತಿನ್ನು" ಎಂದು ಗದರಿದ್ದನ್ನು ನನ್ನ ಮುಂದೆ ಹೇಳಿ ಹೇಳಿ ಹಿಗ್ಗುತ್ತಿದ್ದಳು.

ಅಂಗಡಿ ತೆರೆದ ವಾರವೇ ಮಿಲಾದಿನ್ ಸೌದೆ ಜೋಡಿಸುತ್ತಾ ಕುಸಿದುಬಿದ್ದ. ಮತ್ತೆ ಏಳಲಿಲ್ಲ. ಸ್ಮಿಲ್ಯಾಗೆ ಚಕ್ರ ಹಿಡಿಯಲು ಬಾರದು. ಇತ್ತ ಬೆಲ್‌ಗ್ರೇಡಿನಿಂದ, ವಿಯೆನ್ನಾದಿಂದ ಬೇಡಿಕೆಗಳು ಬರುತ್ತಲೇ ಇದ್ದವು; ಕಟ್ಟಿದ ಬೆಲೆಗೆ ಯಾರೂ ಕೊಸರಾಡಲಿಲ್ಲ. ಅವನು ಮಾಡಿ ಕೊಟ್ಟಿಗೆಯಲ್ಲಿಟ್ಟಿದ್ದ ಗಡಿಗೆಗಳು ಖಾಲಿಯಾಗುತ್ತ ಬಂದಂತೆ ಗ್ರೋಜ್ದಾನಾ ಒಂದೊಂದರ ಫೋಟೊ ಕೆಳಗೂ "ಮುಗಿದಿದೆ" ಎಂದು ಬರೆಯಬೇಕಾಯಿತು. ಬರೆದು ಎದ್ದುಹೋಗಿ ಅಂಗಳದಲ್ಲಿ ನಿಲ್ಲುವಳು.

ತೀರಿಹೋದವನಿಗಾಗಿ ಮಾಡುವ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಸ್ಮಿಲ್ಯಾ ಬಾಕಿ ಹಣ ತಂದಳು.

"ಬೇಡ ಸ್ಮಿಲ್ಯಾ. ಮಾಮನೇ ಹೋದ ಮೇಲೆ..."

ಸ್ಮಿಲ್ಯಾ ಸಿಡಿದಳು. "ಸತ್ತ ಮೇಲೆ ನಮ್ಮಪ್ಪನ್ನ ಸಾಲಗಾರ ಮಾಡ್ತೀಯಾ? ನೀನು ಬೆಲೆ ಹೇಳಿದ್ದೆ, ಅವ್ರು ಒಪ್ಪಿದ್ರು. ತಗೋ!"

ತೆಗೆದುಕೊಂಡಳು. ಸ್ಮಿಲ್ಯಾ ಹೋದ ಮೇಲೆ ಮೇಜಿಗೆ ಹಣೆಯಿಟ್ಟು ಅತ್ತಳು. "ಆಗ ಹೇಳಿದ್ದು ಜಾಸ್ತಿಯಾಯ್ತೇನೋ ಕಣೇ" ಅಂದಳು. ಇಲ್ಲವೆಂದೆ. ಕೇಳಿಸಿಕೊಂಡಳೋ ಇಲ್ಲವೋ.

ಉಸ್ತುವಾರಿಯ ವರ್ಷ ತುಂಬಿದಾಗ ಸ್ಮಿಲ್ಯಾ ಹೇಳಿದಂತೆ ಗ್ರೋಜ್ದಾನಾ ಗಡಿಗೆಗಳ ಅಂಗಡಿಯನ್ನು ಮುಚ್ಚಿದಳು. ಈಗ ಯಾರು ಬಂದರೂ ಕಣ್ಣಲ್ಲಿ ಕಣ್ಣಿಟ್ಟು ಬೆಲೆ ಹೇಳುತ್ತಾಳೆ. ಅವಳಿಗೆ ಸೊಕ್ಕು ಬಂದಿದೆ ಎಂದು ಕೆಲವರು ನನ್ನ ಹತ್ತಿರ ದೂರುವುದುಂಟು. ಕೆಲಸಕ್ಕೆ ಕೊರತೆಯಿಲ್ಲ. ಆದರೆ ಈಗ ಕೆಲಸ ಕೊಟ್ಟ ಯಾರ ಮನೆಗೂ ಹೋಗಿ ಉಣ್ಣುವುದಿಲ್ಲ. ಫೋಟೊಗಳನ್ನು ಕಳಿಸಿಬಿಡಿ, ಸಾಕು ಅನ್ನುತ್ತಾಳೆ.