ನೀಲಿ ಕಾರಿನ ಕ್ಲೈವ್

ಏವ್ರಿಲ್ ಬ್ಯಾಗ್‌ಶಾಗೆ ತಲೆ ಕೆಟ್ಟಿದೆ ಎಂದು ಊರಿನವರು ಆಡಿಕೊಳ್ಳಲು ಅವಳ ಕಾರೊಂದೇ ಸಾಕಾಗಿತ್ತು. ಮಡಚಿ ಇಳಿಸುವ ಬಟ್ಟೆಯ ಟಾಪಿನ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ನೀಲಿ ಸ್ಪೋರ್ಟ್ಸ್ ಕಾರು. ಡರ್ಬಿಶೈರಿನ ಬೆಟ್ಟಗಳಲ್ಲಿ ಅಂಥ ಕಾರು ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೆಲ್ಲ ಅಕ್ಟೋಬರ್ ಮುಗಿಯುತ್ತಿದ್ದಂತೆ ಅದನ್ನು ತೊಳೆದು, ಒರೆಸಿ, ಶೆಡ್ಡಿನಲ್ಲಿ ಹೊದಿಕೆ ಹೊದಿಸಿ ಮಲಗಿಸಿದರೆ ಏಪ್ರಿಲ್‌ವರೆಗೆ ಎಬ್ಬಿಸುವುದಿಲ್ಲ. ಏವ್ರಿಲ್‌ಗೆ ಇದ್ದದ್ದು ಅದೊಂದೇ ಗಾಡಿ. ಮಳೆಯಿರಲಿ, ಹಿಮವಿರಲಿ, ಬೆಳಿಗ್ಗೆ ಎಂಟೂಕಾಲಿಗೆ ಅದರಲ್ಲೇ ಹೊರಟು ಬಕ್ಸ್‌ಟನ್ನಿನ ಶಾಲೆಯ ಅಡುಗೆಮನೆ ಸೇರಬೇಕು, ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸಬೇಕು.

ಅದನ್ನು ಕೊಂಡದ್ದು ಅಮ್ಮ ತೀರಿಕೊಂಡ ವರ್ಷ. ಹದಿನಾರು ವರ್ಷ ಅಮ್ಮನ ಗಾಲಿಕುರ್ಚಿ ಹಿಡಿಸುವಂಥ ಡಬ್ಬಿಯಂಥ ವ್ಯಾನು ಓಡಿಸಿದ್ದಳು. ಮಣ್ಣು ಮಾಡಿ ಬಂದ ಹದಿನೈದು ದಿನಕ್ಕೆ ವ್ಯಾನು ಮಾರಿ ಇದನ್ನು ತಂದಳು. ಆಗ ಅವಳಿಗೆ ನಲವತ್ತೊಂಬತ್ತು. ಮದುವೆಯಾಗಿರಲಿಲ್ಲ, ಆಗುವ ಕಾಲವೂ ದಾಟಿತ್ತು. ಎರಡನೆಯ ಸೀಟು ಯಾರಿಗೆ ಎಂದು ಯಾರೂ ಕೇಳಲಿಲ್ಲ, ಅದೊಂದು ಪುಣ್ಯ. ಅಲ್ಲಿ ಅವಳ ಚೀಲ ಕೂರುತ್ತಿತ್ತು.

ಸಂಸಾರವಂತರ ಗಾಡಿಯಲ್ಲ ಅದು, ನಿಜ. ಡಿಕ್ಕಿಯಲ್ಲಿ ಒಂದು ವಾರದ ದಿನಸಿ ಹಿಡಿಸಿದರೆ ಕೊಡೆಗೆ ಜಾಗವಿಲ್ಲ. ಹಿಮ ಬಿದ್ದ ದಿನ ಹಿಂದಿನ ಚಕ್ರ ಜಾರದಿರಲಿ ಎಂದು ಶಾಲೆಯ ಒಂದು ಮೂಟೆ ಆಲೂಗಡ್ಡೆ ಹೇರಿಕೊಂಡು ಓಡಾಡುತ್ತಿದ್ದಳು. ಎಡಗಡೆಯ ಕಿಟಕಿಯ ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತದೆ, ಅಲ್ಲಿಗೊಂದು ಸ್ಪಂಜು. ಟಾಪು ಏರಿಸಿದರೆ ಉಸಿರಿಗೇ ಗಾಜು ಮಂಜಾಗುತ್ತದೆ. ಅದಕ್ಕೇ ಮಳೆ ಸುರಿಯದಿದ್ದರೆ ಸಾಕು, ಜನವರಿಯಲ್ಲೂ ಟಾಪು ಇಳಿಸಿ, ಹೀಟರನ್ನು ಕಾಲ ಮೇಲೆ ಪೂರ್ತಿ ಬಿಟ್ಟುಕೊಂಡು, ತೊಡೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಹೋಗುತ್ತಿದ್ದಳು. ಮೂಗು ಮಾತ್ರ ಕೆಂಪಗೆ ಹೊರಗಿರುತ್ತಿತ್ತು.

"ಏನ್ ಬಾತೇ, ಇನ್ನೂ ಬದುಕಿದ್ದೀಯಾ?" ಎನ್ನುತ್ತಿದ್ದ ಗ್ಯಾರೇಜಿನ ಟ್ರೆವರ್. ಆ ಕಡೆಯವರು ಪ್ರೀತಿ ಬಂದರೆ ಯಾರನ್ನಾದರೂ ಬಾತುಕೋಳಿ ಮಾಡಿಬಿಡುತ್ತಾರೆ. "ರಸ್ತೆಗೆ ಉಪ್ಪು ಚೆಲ್ತಾರಲ್ಲ, ಅದು ನಿನ್ ಗಾಡಿ ಹೊಟ್ಟೆನೆಲ್ಲಾ ತಿಂತಾ ಇದೆ. ಬಿಸಿಲಿಗೆ ಅಂತ ಮಾಡಿದ ಗಾಡಿ ಕಣೇ ಇದು!"

"ಬಿಸಿಲಿಗೆ ಕಾಯ್ತಾ ಕೂತ್ರೆ ಈ ಊರಲ್ಲಿ ನಾನು ನಡ್ಕೊಂಡೇ ಸಾಯ್ಬೇಕು. ಸುಮ್ನೆ ತೇಪೆ ಹಾಕು."

ಅವನಿಗೆ ಹೇಳದ ಕಾರಣ ಇನ್ನೊಂದಿತ್ತು. ಈ ಕಾರಿನವರಲ್ಲಿ ಒಂದು ರೂಢಿಯಿದೆ: ಎದುರಿಗೆ ತಮ್ಮಂಥದೇ ಕಾರು ಬಂದರೆ ಸ್ಟೀರಿಂಗಿನಿಂದ ಒಂದು ಕೈ ಎತ್ತುತ್ತಾರೆ. ಪರಿಚಯ ಬೇಕಿಲ್ಲ. ಬೇಸಿಗೆಯ ಭಾನುವಾರ ಹೊರಟರೆ ಕೈ ಎತ್ತೀ ಎತ್ತೀ ಭುಜ ನೋಯುತ್ತದೆ. ಚಳಿಗಾಲದಲ್ಲಿ ಆ ರಸ್ತೆಯ ಮೇಲೆ ಉಳಿಯುತ್ತಿದ್ದವರು ಇಬ್ಬರೇ. ಎಂಟು ಇಪ್ಪತ್ತೈದಕ್ಕೆ, ಜಲಾಶಯದ ತಿರುವಿನಲ್ಲಿ, ಎದುರಿನಿಂದ ಒಂದು ಹಸಿರು ಕಾರು ಬರುತ್ತಿತ್ತು, ಅದರದೂ ಟಾಪು ಇಳಿದಿರುತ್ತಿತ್ತು. ಒಳಗೆ ಕಿವಿ ಮುಚ್ಚುವ ಟೋಪಿಯ ಒಬ್ಬ ಗಂಡಸು. ಅವನು ಕೈ ಎತ್ತುತ್ತಿದ್ದ, ಇವಳು ಎತ್ತುತ್ತಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹನ್ನೊಂದು ವರ್ಷ, ಶಾಲೆಯಿದ್ದ ಪ್ರತಿ ದಿನವೂ ಇದು ನಡೆಯಿತು.

ಒಂದೇ ಸಲ ಮಾತಾಗಿತ್ತು. ಒಂದು ಫೆಬ್ರವರಿಯಲ್ಲಿ ಯಾರದೋ ಕುರಿಹಿಂಡು ರಸ್ತೆಗೆ ಇಳಿದು ಎರಡೂ ಕಾರು ಅಕ್ಕಪಕ್ಕ ನಿಂತವು. ಸುತ್ತ ಕುರಿ, ನಡುವೆ ಒಂದು ಮೊಳ ಜಾಗ.

"ಏನ್ ತಂಗಿ, ಚಳಿ ಸಾಕಾ, ಇನ್ನೂ ಬೇಕಾ?" ಎಂದ ಅವನು.

"ಇನ್ನೊಂದು ಸ್ವಲ್ಪ ಹಾಕಿ," ಎಂದಳು ಇವಳು.

ಅವನು ಗಹಗಹಿಸಿ ನಕ್ಕ. ಕುರಿಗಳು ದಾಟಿದವು. ಅಷ್ಟೇ. ಮಾರನೆಯ ದಿನದಿಂದ ಏವ್ರಿಲ್ ತುಟಿಗೆ ಬಣ್ಣ ಹಚ್ಚತೊಡಗಿದಳು. ಆಲೂಗಡ್ಡೆ ಸುಲಿಯಲು ಹೋಗುವವಳಿಗೆ ತುಟಿಬಣ್ಣ! ನಗಬೇಡಿ. ಬೆಳಿಗ್ಗೆಯಿಂದ ಸಂಜೆಯತನಕ ಅವಳನ್ನು ಕಂಡು ಸಂತೋಷಪಡುತ್ತಿದ್ದ ಮುಖ ಅದೊಂದೇ ಆಗಿತ್ತು. ಶನಿವಾರ ಭಾನುವಾರ ಬಂದರೆ ಅವಳಿಗೆ ಎದೆ ಭಾರವಾಗುತ್ತಿತ್ತು. ಅವನಿಗೂ ಹೀಗೆ ಏನಾದರೂ ಅನ್ನಿಸುತ್ತದೋ, ಇಲ್ಲ ರೂಢಿಗೆ ಕೈ ಎತ್ತುತ್ತಾನೋ? ಗೊತ್ತು ಮಾಡಿಕೊಳ್ಳುವ ದಾರಿಯಿರಲಿಲ್ಲ.

ಈ ಜನವರಿಯಲ್ಲಿ ಶಾಲೆ ಮತ್ತೆ ಶುರುವಾದ ದಿನ ಹಸಿರು ಕಾರು ಬರಲಿಲ್ಲ. ಜ್ವರವಿರಬೇಕು ಅಂದುಕೊಂಡಳು. ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ಅವಳು ತಿರುವಿನಲ್ಲಿ ಗಾಡಿ ನಿಲ್ಲಿಸಿ ಒಂಬತ್ತರತನಕ ಕಾದು, ಅಡುಗೆಮನೆಯಲ್ಲಿ ಬೈಸಿಕೊಂಡಳು. ನಾಲ್ಕನೆಯ ಶನಿವಾರ ತಡೆಯಲಾರದೆ ಅವನು ಬರುತ್ತಿದ್ದ ದಿಕ್ಕಿಗೆ ಹೊರಟಳು. ಎರಡು ಹಳ್ಳಿ ದಾಟಿ, ಮೂರನೆಯದರಲ್ಲಿ ಒಂದು ಕಲ್ಲುಮನೆಯ ಮುಂದೆ ಹಸಿರು ಕಾರು ನಿಂತಿತ್ತು. ಗಾಜಿನ ಮೇಲೆ ರಟ್ಟು: ಮಾರಾಟಕ್ಕಿದೆ.

ಕಾರು ಬೇಲಿಯ ಪಕ್ಕ ನಿಲ್ಲಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲು ತಟ್ಟಿದಳು. ಎಪ್ಪತ್ತರ ಆಸುಪಾಸಿನ ಹೆಂಗಸು ತೆರೆದಳು.

"ಗಾಡಿ ನೋಡೋಕೆ ಬಂದ್ರಾ? ಬಾ ಬಾತೇ, ಒಳಗೆ ಬಾ, ಚಳಿ."

ಏವ್ರಿಲ್ ಹೂಂ ಎಂದುಬಿಟ್ಟಳು. ಬೇರೆ ಏನು ಹೇಳಬೇಕಿತ್ತು?

ಹೆಂಗಸಿನ ಹೆಸರು ಡೋರೀನ್ ಹೀತ್‌ಕೋಟ್. ಚಹಾ ಬಸಿದಳು, ಹಣ್ಣಿನ ಕೇಕಿನ ಜೊತೆ ಚೀಸು ಕೊಯ್ದಿಟ್ಟಳು, ಕೇಳದೆಯೇ ಹೇಳಿದಳು. ಗಾಡಿ ಗಂಡ ನೆವಿಲ್‌ನದು. ಹೊಸ ವರ್ಷದ ಮಾರನೇ ದಿನ, ಪಾತ್ರೆ ತೊಳೆಯುತ್ತಾ ನಿಂತವನು ಹಾಗೇ ಕುಸಿದ. ಹೃದಯಾಘಾತ.

ಏವ್ರಿಲ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನೆವಿಲ್. ಹೆಸರು ಗೊತ್ತಾದದ್ದು ಈಗ.

"ನಂಗೆ ಆ ಗಾಡಿ ಕಂಡ್ರೆ ಆಗ್ತಿರ್ಲಿಲ್ಲ ಕಣಮ್ಮ," ಎಂದಳು ಡೋರೀನ್. "ಎರಡು ಸಲ ಕೂತೆ, ಸೊಂಟ ಹಿಡ್ಕೊಳ್ತು. ಚಳಿಗಾಲದಲ್ಲಾದ್ರೂ ಬಸ್ಸಲ್ಲಿ ಹೋಗ್ರೀ ಅಂದ್ರೆ, 'ಕ್ಲೈವ್ ಕಾಯ್ತಿರ್ತಾನೆ' ಅನ್ನೋರು."

"ಯಾರು ಕ್ಲೈವ್?"

"ನೀಲಿ ಕಾರಿನವನು. ಜಲಾಶಯದ ಹತ್ರ ದಿನಾ ಎದುರು ಬರ್ತಿದ್ನಂತೆ, ಇವ್ರು ಕೈ ಎತ್ತೋದು, ಅವ್ನು ಕೈ ಎತ್ತೋದು. ಸಂಜೆ ಊಟಕ್ಕೆ ಕೂತ್ರೆ ಕ್ಲೈವ್‌ದೇ ಪುರಾಣ. ಕ್ಲೈವ್ ಇವತ್ತು ಸಪ್ಪಗಿದ್ದ, ಕ್ಲೈವ್‌ಗೆ ನೆಗಡಿ ಇರ್ಬೇಕು, ಮೂಗು ಕೆಂಪಾಗಿತ್ತು. ಅವ್ನ ಜೊತೆ ಒಂದ್ಸಲ ಮಾತಾಡಿದ್ರಂತೆ, ಕುರಿ ಅಡ್ಡ ಬಂದಾಗ. ಹೆಸ್ರು ಆಗ್ಲೇ ಕೇಳ್ಕೊಂಡ್ರಂತೆ. ನವೆಂಬರಲ್ಲಿ ಹಳದಿ ಟೋಪಿ ತಗೊಂಡಿದ್ದಾನೆ, ಅವ್ನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಗೊತ್ತಾ ಅಂದ್ರು. ನಾನು ಬಿದ್ದು ಬಿದ್ದು ನಕ್ಕೆ. ಗಂಡಸಿಗೆ ಹಳದಿ ಟೋಪಿ ಏನ್ರೀ ಒಪ್ಪುತ್ತೆ ಅಂತ."

ಏವ್ರಿಲ್‌ಳ ತೊಡೆಯ ಮೇಲಿದ್ದ ಟೋಪಿ ಹಳದಿಯದು. ಮೆಲ್ಲಗೆ ಅದರ ಮೇಲೆ ಕೈ ಮುಚ್ಚಿದಳು.

ಅಂದರೆ ಅವನು ಸುಳ್ಳು ಹೇಳಿದ್ದ. ಒಂದು ಮೊಳ ದೂರದಿಂದ ತಂಗಿ ಎಂದು ಕರೆದವನು, ಮನೆಗೆ ಬಂದು ಅವಳನ್ನು ಗಂಡಸು ಮಾಡಿದ್ದ, ಹೆಸರಿಟ್ಟಿದ್ದ. ಅವಳು ಅವನಿಗೆ ಏನೂ ಅಲ್ಲದಿದ್ದರೆ ಅವನೇಕೆ ಸುಳ್ಳು ಹೇಳಬೇಕಿತ್ತು? ದಿನವೂ ರಾತ್ರಿ ಊಟದ ಮೇಜಿನಲ್ಲಿ ಅವಳ ಮಾತು ಆಡುವುದಕ್ಕೆ ಅವನಿಗೆ ಸಿಕ್ಕಿದ್ದು ಅದೊಂದೇ ದಾರಿ. ಏವ್ರಿಲ್‌ಗೆ ಎದೆ ತುಂಬಿ ಬಂತು, ಅರವತ್ತು ವರ್ಷದಲ್ಲಿ ಎಂದೂ ಹಾಗೆ ಬಂದಿರಲಿಲ್ಲ. ಅದನ್ನು ಹೇಳಿಕೊಳ್ಳಲು ಜಗತ್ತಿನಲ್ಲಿ ಈ ಮನೆಯೊಂದು ಬಿಟ್ಟು ಬೇರೆ ಜಾಗವಿರಲಿಲ್ಲ, ಹೇಳಬಾರದ ಜಾಗವೂ ಅದೊಂದೇ.

ಡೋರೀನ್ ಪರದೆ ಸರಿಸಲು ಕಿಟಕಿಗೆ ಹೋದವಳು ಅಲ್ಲೇ ನಿಂತಳು.

"ಅಯ್ಯೋ ದೇವ್ರೇ. ಅದು ನೀಲಿ ಕಾರು."

ನಾನೇ ಎಂಬ ಒಂದು ಮಾತು ಏವ್ರಿಲ್‌ಳ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಅದನ್ನು ಆಡಿದರೆ ಆ ಹನ್ನೊಂದು ವರ್ಷ ಅವಳದಾಗುತ್ತಿತ್ತು. ಆದರೆ ಈ ಮುದುಕಿ ಗಂಡ ಸತ್ತ ತಿಂಗಳಿಗೇ ಅವನ ಸುಳ್ಳನ್ನೂ ಹೊರಬೇಕಾಗುತ್ತಿತ್ತು, ಬಯ್ಯೋಣವೆಂದರೆ ಪಕ್ಕದಲ್ಲಿ ಅವನೂ ಇರುವುದಿಲ್ಲ.

"ಕ್ಲೈವ್ ನಮ್ಮಣ್ಣ," ಎಂದಳು. "ಹೊಸ ವರ್ಷಕ್ಕೆ ಸ್ಕಾಟ್ಲೆಂಡ್ ಕಡೆ ಕೆಲ್ಸ ಸಿಕ್ತು, ಗಾಡಿ ನಂಗೆ ಬಿಟ್ಟು ಹೋದ. ಹಸಿರು ಕಾರಿನವ್ರು ಕಾಣ್ತಾರಾ ನೋಡು ಅಂತ ಫೋನಲ್ಲಿ ಹೇಳ್ತಾನೇ ಇದ್ದ. ಅದಕ್ಕೇ ಬಂದೆ. ಕೊಳ್ಳೋಕಲ್ಲ, ಕ್ಷಮಿಸಿ."

ಡೋರೀನ್ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಕ್ಲೈವ್ ತಂಗಿನಾ! ಅವ್ನನ್ನ ಒಂದಿನ ಭಾನುವಾರ ಊಟಕ್ಕೆ ಕರೀರಿ ಅಂತ ಎಷ್ಟು ಹೇಳಿದ್ದೆ. 'ಪಾಪ, ನಾಚಿಕೆ ಸ್ವಭಾವ, ಬರಲ್ಲ ಬಿಡು' ಅನ್ನೋರು. ಒಂಟಿ ಅಲ್ವಾ ಅವ್ನು? ಪಕ್ಕದ ಸೀಟಲ್ಲಿ ಯಾವತ್ತೂ ಯಾರನ್ನೂ ನೋಡ್ಲಿಲ್ಲ ಅಂತ ಇವ್ರು ತುಂಬಾ ನೊಂದ್ಕೊಳ್ತಿದ್ರು."

"ಹೌದು. ಒಬ್ನೇ."

"ಮಣ್ಣಿಗೆ ಅವ್ನು ಬರ್ಬೇಕಿತ್ತು ಕಣೇ. ಎಲ್ಲಿ ಅಂತ ಹುಡುಕ್ಲಿ ನಾನು? ನೀನೇ ತಿಳಿಸು. ನಿಧಾನಕ್ಕೆ ಹೇಳು, ಒಂದೇ ಸಲಕ್ಕೆ ಹೇಳ್ಬೇಡ. ಬೇಜಾರು ಮಾಡ್ಕೊಳ್ತಾನೇನೋ?"

"ತುಂಬಾ ಮಾಡ್ಕೊಳ್ತಾನೆ," ಎಂದಳು ಏವ್ರಿಲ್, ಅಷ್ಟರಲ್ಲಿ ಅವಳ ಬಾಯಿ ವಕ್ರವಾಗಿ ಅಳು ಒತ್ತರಿಸಿ ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅಮ್ಮ ಹೋದಾಗಲೂ ಹೀಗೆ ಬಿಕ್ಕಿರಲಿಲ್ಲ.

ಡೋರೀನ್ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. "ಅಣ್ಣ ಅಂದ್ರೆ ಎಷ್ಟು ಪ್ರಾಣ ನಿಂಗೆ," ಎಂದಳು. "ಅಳು ಬಾತೇ, ಅಳು. ಗಂಡಸರು ಎಲ್ಲಿ ಅಳ್ತಾರೆ? ಅವ್ನ ಪಾಲಿಂದೂ ನೀನೇ ಅತ್ತುಬಿಡು."