ರೋಮನ್ನು ಕರೆದವರು

ಅಣ್ಣತಮ್ಮಂದಿರ ಜಗಳ ಶುರುವಾದ ಮೇಲೆ ನಾನು ಒಂದು ಕಡೆ ನೆಟ್ಟಗೆ ಕೂತವಳಲ್ಲ. ಗಲ್ಫಿನ ವಾದಿ ಕಬೀರ್ ಎಂಬ ಪೇಟೆಯಲ್ಲಿ ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ಬಾವ, ಸೇರಿ ಕಟ್ಟಿದ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ ನಮ್ಮದು. ದೂರದ ಗಡಿಯೂರು ಬುರೈಮಿಯಲ್ಲಿ ಇನ್ನೊಂದು ತೆರೆಯಬೇಕೆಂದು ಬಾವನ ಹಟ, ಬೇಡವೆಂದು ಇವರದು. ಒಂದೇ ಕೌಂಟರಿನ ಹಿಂದೆ ಇಬ್ಬರೂ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದರು.

ಆ ಗುರುವಾರ ಸಂಜೆ ಮಗಳಿಗೆ ಚರಿತ್ರೆ ಓದಿಸುತ್ತಿದ್ದೆ, ಭಾನುವಾರ ಪರೀಕ್ಷೆ; ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಓದಿಸುವುದೆಂದರೆ ಎಂಥದು, ಒಂದು ಸಾಲು ಹೇಳುವುದು, ಎದ್ದುಹೋಗಿ ಇವರ ಕಾರು ಬಂತೇ ಎಂದು ಕಿಟಕಿಯಲ್ಲಿ ನೋಡುವುದು. ಮ್ಯಾಸಿಡೋನಿಯಾದ ಚಕ್ರವರ್ತಿ ಸತ್ತ ಮೇಲೆ ಸೇನಾಪತಿಗಳು ರಾಜ್ಯ ಹಂಚಿಕೊಂಡರು, ಅವರ ಮಕ್ಕಳು ಮೊಮ್ಮಕ್ಕಳು ಕಚ್ಚಾಡಿದರು. ಮ್ಯಾಸಿಡೋನಿಯಾಕ್ಕೆ ಹೆದರಿದ ಸಣ್ಣ ಗ್ರೀಕ್ ರಾಜ್ಯಗಳು ರೋಮನ್ನು ಸಹಾಯಕ್ಕೆ ಕರೆದವು. ರೋಮ್ ಬಂತು, ಗೆದ್ದುಕೊಟ್ಟಿತು, ಹಿಂದಕ್ಕೂ ಹೋಯಿತು. ಇನ್ನೊಂದು ಜಗಳಕ್ಕೆ ಮತ್ತೆ ಕರೆದರು. ಕೊನೆಗೊಮ್ಮೆ ಅದು ಹೋಗಲಿಲ್ಲ.

"ಬಟ್ ವೈ ಡಿಡ್ ದೇ ಕಾಲ್ ದೆಮ್, ಅಮ್ಮಾ?"

"ತಮ್ಮವನಿಗೆ ಸೋಲಲಿಕ್ಕೆ ನಾಚಿಕೆ. ಹೊರಗಿನವನ ಮಾತು ಕೇಳಲಿಕ್ಕೆ ನಾಚಿಕೆ ಎಂತದೂ ಇಲ್ಲ" ಎಂದೆ.

ಅಷ್ಟರಲ್ಲಿ ಇವರು ಬಂದರು. ಬೂಟು ಬಿಚ್ಚದೆಯೇ, "ನಾಳೆ ಧಣಿಗಳು ಬರ್ತಾರೆ. ಅವರು ಹೇಳಿದ ಹಾಗೆ, ಖಲಾಸ್" ಎಂದರು.

ಧಣಿಗಳೆಂದರೆ ನಮ್ಮ ಬೀದಿಯ ಎಲ್ಲಕ್ಕಿಂತ ದೊಡ್ಡ ಅಂಗಡಿಯವರು, ನಮ್ಮೂರ ಕಡೆಯವರೇ, ಬುರೈಮಿಯಲ್ಲೂ ವ್ಯಾಪಾರವಿದ್ದವರು. ನಾನು ಮಗಳ ಪುಸ್ತಕ ಮುಚ್ಚಿ ಎದ್ದೆ.

ನಮ್ಮಲ್ಲಿ ಬಾವನ ಜೊತೆ ನೇರ ಮಾತಾಡುವ ರೂಢಿಯಿಲ್ಲ, ಏನಿದ್ದರೂ ಅವರ ಹೆಂಡತಿಯ ಮೂಲಕ. ಅವತ್ತು ಅಡುಗೆಮನೆಯ ಬಾಗಿಲು ಹಾಕಿಕೊಂಡು ನಾನೇ ಫೋನ್ ಮಾಡಿದೆ.

"ಬಾವ, ನಾಳೆ ಊಟಕ್ಕೆ ಇಲ್ಲಿಗೇ ಬನ್ನಿ. ನೀವಿಬ್ಬರೇ ಕೂತು ಮಾತಾಡಿ. ಇವರು ಧಣಿಗಳನ್ನು ಕರೆದಿದ್ದಾರೆ, ನೀವು ಒಪ್ಪಬೇಡಿ."

"ಅವನೂ ಕರೆದನಾ?" ಬಾವ ನಕ್ಕರು. "ನಾನು ಧಣಿಗಳಿಗೆ ಮೊನ್ನೆಯೇ ಬರಲಿಕ್ಕೆ ಹೇಳಿ ಆಗಿದೆ ಮಾರಾಯ್ತಿ."

ಶುಕ್ರವಾರ ಬಾವ ಬಂದು ಕೂತ ಮೇಲೆ ಧಣಿಗಳು ಹಲ್ವಾದ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಅಣ್ಣತಮ್ಮ ಇಬ್ಬರೂ ಎದ್ದು ತಮ್ಮ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಇಬ್ಬರ ಮಾತೂ ಸರಿ ಎಂದರು ಧಣಿಗಳು. ಬುರೈಮಿಯದನ್ನು ಅವರೇ ನೋಡಿಕೊಳ್ಳುವುದು, ಇಲ್ಲಿಯ ಅಂಗಡಿಗೂ ಪಾಲುದಾರರಾಗುವುದು ಎಂದು ತೀರ್ಮಾನವಾಯಿತು. ನಾನು ಚಹಾ ತಂದಿಟ್ಟು ಅಲ್ಲೇ ನಿಂತೆ. ಯಾರೂ ನನ್ನ ಮುಖ ನೋಡಲಿಲ್ಲ.

ವರ್ಷ ತುಂಬುವುದರೊಳಗೆ ಅಂಗಡಿ ಪೂರ್ತಿ ಧಣಿಗಳದಾಗಿ ಬೋರ್ಡ್ ಬದಲಾಯಿತು, ನಮ್ಮವರಿಬ್ಬರೂ ಸಂಬಳದವರಾದರು. ಈಗಲೂ ಅದೇ ಕೌಂಟರಿನ ಹಿಂದೆ ನಿಲ್ಲುತ್ತಾರೆ, ಒಂದು ಚಹಾ ತರಿಸಿ ಇಬ್ಬರೂ ಕುಡಿಯುತ್ತಾರೆ. ಜಗಳವೇ ಇಲ್ಲ. ಜಗಳವಾಡಲು ತಮ್ಮದೆಂಬುದು ಅಲ್ಲಿ ಏನೂ ಉಳಿದಿಲ್ಲ.